ಫೋನ್ ಅದೇ, ಅಭ್ಯಾಸ ಬೇರೆ: ಬಿಲ್ ಯಾರು ಕಟ್ಟುತ್ತಾರೆ ನೋಡಿ

ಓದುಗರ ಪ್ರಶ್ನೆ: ನಾನು ಹಾಸನದ ನಿವೃತ್ತ ಶಿಕ್ಷಕಿ. ಕಳೆದ ವರ್ಷ ಐದು ತಿಂಗಳು ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದೆ. ಇಲ್ಲಿಂದ ಒಯ್ದ ಫೋನಿಗೆ ಅಲ್ಲಿನ ಸಿಮ್ ಹಾಕಿದೆವು. ಇಂಟರ್ನೆಟ್ ಬಂತು, ಕರೆ ಮಾತ್ರ ಹೋಗಲೇ ಇಲ್ಲ. ನಮ್ಮ ಬ್ಯಾಂಕಿನ ಒಟಿಪಿಯೂ ಬರಲಿಲ್ಲ. ಪಕ್ಕದ ಮನೆಯವರನ್ನು ಕೇಳಿದರೆ ವಾಟ್ಸ್‌ಆ್ಯಪ್ ಇಲ್ಲ ಅಂದರು. ಮಿಸ್ಡ್ ಕಾಲ್ ಅಂದರೆ ಏನು ಅಂತಲೇ ಅವರಿಗೆ ಗೊತ್ತಿಲ್ಲ. ಒಸಾಕಾದಲ್ಲಿರುವ ನನ್ನ ಅಕ್ಕನ ಮಗಳು ಇನ್ನೊಂದು ಹೇಳುತ್ತಾಳೆ: ಅಲ್ಲಿ ರೈಲಿನಲ್ಲಿ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲವಂತೆ, ಕ್ಯಾಮೆರಾದ ಸದ್ದು ನಿಲ್ಲಿಸೋಕೂ ಆಗುವುದಿಲ್ಲವಂತೆ. ಪ್ರಪಂಚಕ್ಕೆಲ್ಲ ಅದೇ ಫೋನ್ ಅಲ್ವಾ? ಮತ್ತೆ ಯಾಕೆ ಹೀಗೆ? ಮುಂದಿನ ಬೇಸಿಗೆಗೆ ಮತ್ತೆ ಹೊರಟಿದ್ದೇನೆ. ಇದೇ ಫೋನ್ ಒಯ್ಯಲಾ, ಬೇಡವಾ?

ಉತ್ತರ: ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊಬೈಲ್ ನೆಟ್‌ವರ್ಕ್ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ನೀವು ಕೇಳಿದ ಪ್ರತಿಯೊಂದು ಪ್ರಶ್ನೆಯನ್ನೂ ಬೇರೆ ಬೇರೆ ಊರಿನಲ್ಲಿ ನಾನೂ ಕೇಳಿಕೊಂಡಿದ್ದೇನೆ. ಮೊದಲು ನಿಮ್ಮ ಫೋನಿನ ವಿಷಯ ಮುಗಿಸೋಣ. ಯಾಕೆಂದರೆ ಅದರಲ್ಲಿ ನಿಮ್ಮ ಸುರಕ್ಷತೆಯ ಪ್ರಶ್ನೆಯೂ ಇದೆ.

ನಿಮ್ಮ ಫೋನ್ ಕೆಟ್ಟಿಲ್ಲ. ಸಿಮ್ ಕೂಡ ಸರಿಯಾಗಿಯೇ ಇತ್ತು. ಸಮಸ್ಯೆ ಇರುವುದು 4ಜಿಯ ಸ್ವಭಾವದಲ್ಲಿ. 2ಜಿ, 3ಜಿ ಕಾಲದಲ್ಲಿ ಮಾತಿಗೇ ಅಂತ ಬೇರೆ ದಾರಿ ಇತ್ತು. 4ಜಿ ಬರೀ ಡೇಟಾ ಸಾಗಿಸುತ್ತದೆ. ಅದರ ಮೇಲೆ ಮಾತು ಹೋಗಬೇಕಾದರೆ ವೋಲ್ಟಿ ಅನ್ನುವ ವ್ಯವಸ್ಥೆ ಬೇಕು. ಅದು ನಡೆಯಬೇಕಾದರೆ ಆ ಕಂಪನಿಯ ನೆಟ್‌ವರ್ಕಿಗೆ ಹೊಂದುವ ಸೆಟ್ಟಿಂಗ್ ನಿಮ್ಮ ಫೋನಿನ ಒಳಗೆ ಮೊದಲೇ ಇರಬೇಕು. ಇಲ್ಲದಿದ್ದರೆ ಫೋನ್ ಕರೆ ಮಾಡುವ ಹೊತ್ತಿಗೆ ಹಳೆಯ 3ಜಿ ಅಥವಾ 2ಜಿಯನ್ನು ಹುಡುಕುತ್ತದೆ. ನಮ್ಮಲ್ಲಿ ಹಲವು ಕಡೆ 2ಜಿ ಇನ್ನೂ ಇದೆ, ಕರೆ ಅದರ ಮೇಲೆ ಹೋಗಿಬಿಡುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ಮುಚ್ಚಿದವು. ಹಾಗಾಗಿ ನಿಮ್ಮ ಫೋನ್ ಹಳೆಯ ದಾರಿ ಹುಡುಕಿತು, ಅಲ್ಲಿ ದಾರಿಯೇ ಇರಲಿಲ್ಲ. ಇಂಟರ್ನೆಟ್ ಮಾತ್ರ 4ಜಿಯಲ್ಲಿ ಆರಾಮಾಗಿ ಬಂತು.

ನಿಮಗೆ 2016ರ ಸೆಪ್ಟೆಂಬರ್ ನೆನಪಿರಬಹುದು. ಜಿಯೋ ಶುರುವಾದಾಗ ಅದಕ್ಕೆ 2ಜಿಯೂ ಇರಲಿಲ್ಲ, 3ಜಿಯೂ ಇರಲಿಲ್ಲ. 4ಜಿ ಫೋನ್ ಇದ್ದೂ ವೋಲ್ಟಿ ಇಲ್ಲದವರು ಕರೆ ಮಾಡಲು ಬೇರೆ ಆ್ಯಪ್ ಹಾಕಿಕೊಳ್ಳಬೇಕಾಗಿತ್ತು. ನಿಮಗೆ ಅಮೆರಿಕದಲ್ಲಿ ಆದದ್ದೂ ಅದೇ ಕಥೆ. ಒಂದೇ ವ್ಯತ್ಯಾಸ, ಅಲ್ಲಿ ಕೆಲವು ಕಂಪನಿಗಳು ತಾವು ಒಪ್ಪಿದ ಮಾಡೆಲ್‌ಗಳ ಪಟ್ಟಿ ಇಟ್ಟುಕೊಂಡಿವೆ. ಪಟ್ಟಿಯಲ್ಲಿ ಇಲ್ಲದ ಫೋನಿಗೆ ಅವರ ನೆಟ್‌ವರ್ಕಿನಲ್ಲಿ ಮಾತಿನ ಸೌಲಭ್ಯ ಸಿಗುವುದಿಲ್ಲ. ಭಾರತದ ಮಾರುಕಟ್ಟೆಗೆ ಅಂತ ಮಾಡಿದ ಮಧ್ಯಮ ಬೆಲೆಯ ಎಷ್ಟೋ ಫೋನುಗಳು ಆ ಪಟ್ಟಿಯಲ್ಲಿ ಇಲ್ಲ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಥ ಫೋನಿನಿಂದ ಅಲ್ಲಿನ ತುರ್ತು ಸಹಾಯದ ನಂಬರ್ 911ಕ್ಕೂ ಕರೆ ಹೋಗದೇ ಇರಬಹುದು. ಮಗ, ಸೊಸೆ ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ನೀವೊಬ್ಬರೇ ಇರುತ್ತೀರಿ. ವಾಟ್ಸ್‌ಆ್ಯಪ್ ಕರೆ ಬರುತ್ತಿದೆಯಲ್ಲ, ಸಾಕು ಅಂತ ಸುಮ್ನೆ ಇರಬೇಡಿ.

ಎರಡನೇ ತೊಡಕು ತರಂಗಾಂತರದ್ದು. ಒಂದು ದೇಶ ಯಾವ ತರಂಗಾಂತರವನ್ನು ಸೇನೆಗೆ ಕೊಟ್ಟಿದೆ, ಯಾವುದನ್ನು ಟಿವಿಗೆ ಕೊಟ್ಟಿತ್ತು ಅನ್ನುವುದರ ಮೇಲೆ ಮೊಬೈಲಿಗೆ ಉಳಿಯುವ ಜಾಗ ತೀರ್ಮಾನವಾಗುತ್ತದೆ. ಯುರೋಪಿನಲ್ಲೂ ನಮ್ಮಲ್ಲೂ 2ಜಿಯ ಜಿಎಸ್‌ಎಂ ತಂತ್ರಜ್ಞಾನ 900 ಮತ್ತು 1800 ಮೆಗಾಹರ್ಟ್ಸ್‌ನಲ್ಲಿ ಬಂತು. ಅಮೆರಿಕದಲ್ಲಿ 850 ಮತ್ತು 1900. 4ಜಿ ಬಂದ ಮೇಲೂ ಈ ಅಂತರ ಹೋಗಲಿಲ್ಲ. ಅಲ್ಲಿ ಹಳ್ಳಿಗಾಡಿಗೆ ಮತ್ತು ಗೋಡೆಗಳ ಒಳಗೆ ತಲುಪುವುದು 600 ಮತ್ತು 700 ಮೆಗಾಹರ್ಟ್ಸ್ ತರಂಗಗಳು. ಅವುಗಳನ್ನು ಹಿಡಿಯುವ ಭಾಗ ನಮ್ಮ ಮಾರುಕಟ್ಟೆಯ ಬಹಳಷ್ಟು ಫೋನುಗಳಲ್ಲಿ ಇಲ್ಲ. ಮಗನ ಫೋನಿನಲ್ಲಿ ನಾಲ್ಕು ಗೆರೆ ಸಿಗ್ನಲ್ ಇದ್ದು ನಿಮ್ಮದರಲ್ಲಿ ಒಂದೇ ಗೆರೆ ಇದ್ದಿದ್ದರೆ, ಕಾರಣ ಇದೇ.

ಇನ್ನು ಅಭ್ಯಾಸದ ವಿಷಯ. ನನಗೆ ಪ್ರಿಯವಾದದ್ದು ಇದೇ. ಬೇರೆ ದೇಶದವರು ಫೋನನ್ನು ಬೇರೆ ರೀತಿ ಬಳಸಿದರೆ ನಾವು ತಕ್ಷಣ ಅದು ಅವರ ಸಂಸ್ಕೃತಿ ಅಂದುಬಿಡುತ್ತೇವೆ. ನನ್ನ ಅನುಭವದಲ್ಲಿ ಸಂಸ್ಕೃತಿಗಿಂತ ಮೊದಲು ನೋಡಬೇಕಾದದ್ದು ಬಿಲ್. ಕರೆಗೆ ಯಾರು ದುಡ್ಡು ಕೊಡುತ್ತಾರೆ, ಯಾವುದಕ್ಕೆ ಕೊಡುತ್ತಾರೆ, ಯಾವುದು ಪುಕ್ಕಟೆ? ಇಷ್ಟು ಗೊತ್ತಾದರೆ ಆ ಊರಿನವರ ಫೋನ್ ಅಭ್ಯಾಸದ ಮುಕ್ಕಾಲು ಭಾಗ ಅರ್ಥವಾಗುತ್ತದೆ.

ಮಿಸ್ಡ್ ಕಾಲನ್ನೇ ತೆಗೆದುಕೊಳ್ಳಿ. ಭಾರತದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಕೋಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಜೊತೆ ಮಾತಾಡಿದರು. ಆಗ ಕರೆ ಮಾಡಿದವರಿಗೂ ದುಡ್ಡು, ಎತ್ತಿದವರಿಗೂ ದುಡ್ಡು. ಕೈಯಲ್ಲಿ ಮೊಬೈಲ್ ಇದ್ದವರೂ ನಂಬರ್ ನೋಡಿ ಕಟ್ ಮಾಡಿ, ಹತ್ತಿರದ ಎಸ್‌ಟಿಡಿ ಬೂತಿಗೆ ಓಡುತ್ತಿದ್ದರು. 2003ರಲ್ಲಿ ನಿಯಮ ಬದಲಾಯಿತು. ಒಳಬರುವ ಕರೆ ಪುಕ್ಕಟೆಯಾಯಿತು, ಕರೆ ಮಾಡಿದವರು ಮಾತ್ರ ದುಡ್ಡು ಕೊಡಬೇಕಾಯಿತು. ಅದೇ ವರ್ಷ ರಿಲಯನ್ಸ್‌ನವರು 501 ರೂಪಾಯಿ ಕಟ್ಟಿಸಿಕೊಂಡು ಫೋನ್ ಕೊಡಲು ಶುರು ಮಾಡಿದರು. ಮೊಬೈಲ್ ಊರೂರಿಗೆ ಬಂತು, ಜೊತೆಗೆ ಮಿಸ್ಡ್ ಕಾಲ್ ಕೂಡ ಬಂತು.

ಈಗ ಲೆಕ್ಕ ನೋಡಿ. ಕರೆ ಮಾಡುವವರು ಮಾತ್ರ ದುಡ್ಡು ಕೊಡಬೇಕು, ರಿಂಗ್ ಆಗುವಷ್ಟು ಹೊತ್ತು ಯಾರಿಗೂ ಬಿಲ್ ಇಲ್ಲ. ಹಾಗಿದ್ದಾಗ ರಿಂಗ್ ಕೊಟ್ಟು ಕಟ್ ಮಾಡಿದರೆ ಖರ್ಚು ಎದುರಿನವರ ಪಾಲಾಗುತ್ತದೆ. ಅಪ್ಪನಿಗೆ ಮಗಳು, ಧಣಿಗೆ ಕೆಲಸದವರು, ಅಣ್ಣನಿಗೆ ತಮ್ಮ ಮಿಸ್ಡ್ ಕಾಲ್ ಕೊಡುತ್ತಿದ್ದದ್ದು ಇದಕ್ಕೇ. ಯಾರ ಹತ್ತಿರ ದುಡ್ಡು ಜಾಸ್ತಿಯೋ ಅವರು ವಾಪಸ್ ಮಾಡಬೇಕು ಅನ್ನುವ ಒಪ್ಪಂದವನ್ನು ಯಾರೂ ಬರೆದಿಡಲಿಲ್ಲ, ಎಲ್ಲರೂ ಪಾಲಿಸಿದರು.

ಅಮೆರಿಕದಲ್ಲಿ ಮೊಬೈಲ್ ನಂಬರುಗಳನ್ನು ಆಯಾ ಊರಿನ ಲ್ಯಾಂಡ್‌ಲೈನ್ ನಂಬರುಗಳ ಸಾಲಿನಲ್ಲೇ ಹಂಚಿದರು. ನಂಬರ್ ನೋಡಿದರೆ ಅದು ಮೊಬೈಲೋ ಮನೆಯ ಫೋನೋ ಗೊತ್ತಾಗುವುದಿಲ್ಲ. ಗೊತ್ತಿಲ್ಲದೆ ಕರೆ ಮಾಡಿದವರಿಗೆ ಮೊಬೈಲಿನ ದುಬಾರಿ ದರ ಹಾಕುವುದು ಸರಿಯಲ್ಲ ಅಲ್ವಾ? ಅದಕ್ಕೆ ಮೊಬೈಲ್ ಇಟ್ಟುಕೊಂಡವರೇ ಆ ಖರ್ಚು ಹೊರಬೇಕಾಯಿತು. ಮಾಡಿದ ಕರೆಗೂ ಅವರ ನಿಮಿಷ ಕಳೆಯಿತು, ಬಂದ ಕರೆಗೂ ಕಳೆಯಿತು. ಯಾರು ಮಾಡಿದರೂ ಇಬ್ಬರಿಗೂ ಖರ್ಚು ಅಂದ ಮೇಲೆ ಮಿಸ್ಡ್ ಕಾಲಿನಿಂದ ಉಳಿಯುವುದು ಏನೂ ಇಲ್ಲ. ಹಾಗಾಗಿ ಅದು ಅಲ್ಲಿ ಹುಟ್ಟಲೇ ಇಲ್ಲ. ಅಲ್ಲಿಯವರು ಮಿಸ್ಡ್ ಕಾಲ್ ನೋಡಿಯೂ ವಾಪಸ್ ಮಾಡದಿದ್ದರೆ ಅಸಡ್ಡೆ ಅಂದುಕೊಳ್ಳಬೇಡಿ. ಬೇಕಿದ್ದರೆ ಕರೆ ಎತ್ತದಿದ್ದಾಗ ದನಿ ದಾಖಲಿಸಿಡುವ ವಾಯ್ಸ್‌ಮೇಲಿನಲ್ಲಿ ಹೇಳಿಟ್ಟಿರುತ್ತಾರೆ ಅನ್ನುವುದು ಅವರ ರೂಢಿ. ಹೇಳಿಟ್ಟಿಲ್ಲ ಅಂದರೆ ಅಂಥ ಮುಖ್ಯ ಕೆಲಸ ಇರಲಿಲ್ಲ ಅಂದುಕೊಳ್ಳುತ್ತಾರೆ.

ಕರೆ ಮಾಡಿದವರು ಮಾತ್ರ ದುಡ್ಡು ಕೊಡುವ ದೇಶಗಳಲ್ಲಿ ನೋಡಿ, ಬಹಳ ಕಡೆ ಮಿಸ್ಡ್ ಕಾಲ್ ಇದೆ. ಆಫ್ರಿಕಾದ ಹಲವು ದೇಶಗಳಲ್ಲಿ ಅದಕ್ಕೆ ಫ್ಲ್ಯಾಶ್ ಮಾಡುವುದು, ಬೀಪ್ ಮಾಡುವುದು ಅನ್ನುತ್ತಾರೆ. ಇಟಲಿಯ ಹುಡುಗ ಹುಡುಗಿಯರು ಸ್ಕ್ವಿಲ್ಲೊ ಅನ್ನುತ್ತಿದ್ದರು. ಫಿಲಿಪ್ಪೀನ್ಸ್‌ನಲ್ಲಿ ಮಿಸ್‌ಕೋಲ್. ಇವರಲ್ಲಿ ಒಬ್ಬರು ಇನ್ನೊಬ್ಬರಿಂದ ಕಲಿತದ್ದಲ್ಲ. ಒಂದೇ ತರಹದ ಬಿಲ್ ಒಂದೇ ತರಹದ ಉಪಾಯ ಕಲಿಸಿತು. ನಮ್ಮಲ್ಲಿ ಅದು ವ್ಯಾಪಾರವೂ ಆಯಿತು. ಬೆಂಗಳೂರಿನ ಜಿಪ್‌ಡಯಲ್ ಅನ್ನುವ ಕಂಪನಿ ಮಿಸ್ಡ್ ಕಾಲ್ ಕೊಟ್ಟರೆ ಕ್ರಿಕೆಟ್ ಸ್ಕೋರ್, ಜಾಹೀರಾತು ತಲುಪಿಸುವ ವ್ಯವಸ್ಥೆ ಕಟ್ಟಿತು. 2015ರಲ್ಲಿ ಟ್ವಿಟರ್ ಆ ಕಂಪನಿಯನ್ನೇ ಕೊಂಡುಕೊಂಡಿತು.

ನನ್ನ ಮನೆಯ ಒಂದು ನೆನಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಲೆನಾಡಿನ ಟವರುಗಳ ಜವಾಬ್ದಾರಿ ನನ್ನದಾಗಿತ್ತು. ಸಂಜೆ ಮನೆಗೆ ಎರಡು ರಿಂಗ್ ಕೊಟ್ಟರೆ ಬಸ್ ಹತ್ತಿದೆ ಅಂತ. ನಾಲ್ಕು ರಿಂಗ್ ಅಂದರೆ ಬಸ್ ತಪ್ಪಿತು, ಊಟಕ್ಕೆ ಕಾಯಬೇಡಿ ಅಂತ. ಅಮ್ಮ ಫೋನನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟುಕೊಳ್ಳುತ್ತಿದ್ದರು, ಅಲ್ಲಿ ಮಾತ್ರ ಸಿಗ್ನಲ್ ಬರುತ್ತಿತ್ತು. ಕೈ ಒರೆಸಿಕೊಳ್ಳುತ್ತಾ ರಿಂಗ್ ಎಣಿಸುತ್ತಿದ್ದರು. ಒಂದು ಮಳೆಗಾಲದ ದಿನ ನಾಲ್ಕು ರಿಂಗ್ ಕೊಡಲು ಹೋದಾಗ ಮೂರಕ್ಕೇ ಕರೆ ಕಡಿದುಹೋಯಿತು. ಮೂರಕ್ಕೆ ನಮ್ಮಲ್ಲಿ ಅರ್ಥವೇ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಲಾರಿ ಹಿಡಿದು ಮನೆ ಮುಟ್ಟಿದಾಗ ಅಮ್ಮ ಊಟ ಮಾಡದೆ ಬಾಗಿಲಲ್ಲೇ ಕೂತಿದ್ದರು. ಕರೆ ಎತ್ತದೆಯೇ ಎಷ್ಟು ಮಾತು ನಡೆಯುತ್ತಿತ್ತು ನೋಡಿ. ಈಗ ಅನ್‌ಲಿಮಿಟೆಡ್ ಪ್ಯಾಕ್ ಬಂದು ಆ ಲೆಕ್ಕ ಹೋಯಿತು. ಆದರೂ ನನ್ನ ಅಮ್ಮನಂಥವರು ಇವತ್ತಿಗೂ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾರೆ. ಕಾರಣ ಹೋದರೂ ಅಭ್ಯಾಸ ಉಳಿಯಿತು.

ವಾಟ್ಸ್‌ಆ್ಯಪ್ ವಿಷಯಕ್ಕೂ ಬಿಲ್ಲೇ ಉತ್ತರ. ವಾಟ್ಸ್‌ಆ್ಯಪ್ ಶುರುವಾದದ್ದು 2009ರಲ್ಲಿ, ಅಮೆರಿಕದಲ್ಲೇ. ಆದರೆ ಅಷ್ಟು ಹೊತ್ತಿಗೆ ಅಲ್ಲಿನ ಜನಕ್ಕೆ ತಿಂಗಳ ಪ್ಲಾನಿನ ಜೊತೆ ಲೆಕ್ಕವಿಲ್ಲದಷ್ಟು ಎಸ್‌ಎಂಎಸ್ ಸಿಗಲು ಶುರುವಾಗಿತ್ತು. ಇರುವುದೇ ಪುಕ್ಕಟೆ ಅಂದ ಮೇಲೆ ಹೊಸ ಆ್ಯಪ್ ಯಾಕೆ? 2011ರಲ್ಲಿ ಐಫೋನಿಗೆ ಇಂಟರ್ನೆಟ್ ಮೂಲಕ ಸಂದೇಶ ಕಳಿಸುವ ಐಮೆಸೇಜ್ ಬಂತು. ಅದು ಎಸ್‌ಎಂಎಸ್ ಜಾಗದಲ್ಲೇ ಕೂತುಬಿಟ್ಟಿತು. ಅಮೆರಿಕದಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಕೈಯಲ್ಲಿ ಐಫೋನ್ ಇದೆ. ಐಫೋನಿನಿಂದ ಐಫೋನಿಗೆ ಹೋದ ಸಂದೇಶ ನೀಲಿ, ಆಂಡ್ರಾಯ್ಡಿಗೆ ಹೋದದ್ದು ಹಸಿರು. ನಿಮ್ಮ ಮೊಮ್ಮಕ್ಕಳನ್ನು ಕೇಳಿ ನೋಡಿ. ಶಾಲೆಯ ಗುಂಪಿನಲ್ಲಿ ಒಬ್ಬರು ಹಸಿರಾದರೆ ಅದು ಮಕ್ಕಳ ಮಧ್ಯೆ ದೊಡ್ಡ ವಿಷಯ. ನಮ್ಮಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಫೋನ್ ಆಂಡ್ರಾಯ್ಡ್. ಇಲ್ಲಿ ಆ ನೀಲಿ ಹಸಿರಿನ ಮಾತೇ ಬರುವುದಿಲ್ಲ.

ನಮ್ಮ ಎಸ್‌ಎಂಎಸ್ ಕಥೆ ಪೂರ್ತಿ ಬೇರೆ. ಯುಗಾದಿ, ದೀಪಾವಳಿ, ಹೊಸ ವರ್ಷದ ದಿನ ಪ್ಯಾಕ್ ಇದ್ದರೂ ಕೆಲಸ ಮಾಡುತ್ತಿರಲಿಲ್ಲ, ಒಂದೊಂದು ಶುಭಾಶಯಕ್ಕೂ ದುಡ್ಡು ಕಳೆಯುತ್ತಿತ್ತು. ಜನ ಹಬ್ಬದ ಹಿಂದಿನ ದಿನವೇ ಶುಭಾಶಯ ಕಳಿಸುತ್ತಿದ್ದದ್ದು ಅದಕ್ಕೇ. 2011ರಲ್ಲಿ ಜಾಹೀರಾತಿನ ಕಾಟ ತಡೆಯಲು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ದಿನಕ್ಕೆ ಒಂದು ಸಿಮ್ಮಿಗೆ ಇಷ್ಟೇ ಎಸ್‌ಎಂಎಸ್ ಅಂತ ಮಿತಿ ಹಾಕಿತು. ಮೊದಲು 100, ಆಮೇಲೆ 200. ಹೊರದೇಶಕ್ಕೆ ಕಳಿಸುವುದಂತೂ ಇನ್ನೂ ದುಬಾರಿ.

ಕನ್ನಡದವರಿಗೆ ಮೇಲಿಂದ ಇನ್ನೊಂದು ಹೊರೆ ಇತ್ತು. ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 140 ಬೈಟ್ (ಬೈಟ್ ಅಂದರೆ ಡೇಟಾದ ಒಂದು ಅಳತೆ). ಇಂಗ್ಲಿಷ್ ಅಕ್ಷರವಾದರೆ ಅದರಲ್ಲಿ 160 ಹಿಡಿಸುತ್ತವೆ. ಕನ್ನಡದಲ್ಲಿ ಬರೆದ ತಕ್ಷಣ ಅದು 70ಕ್ಕೆ ಇಳಿಯುತ್ತದೆ. ಆ 70 ಕೂಡ ನಾವು ಎಣಿಸುವ ಅಕ್ಷರ ಅಲ್ಲ. ಒತ್ತು, ಗುಣಿತದ ಚಿಹ್ನೆ, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಸಂಕ್ರಾಂತಿ ಹಬ್ಬದ ಶುಭಾಶಯಗಳು’ ಅಂತ ಬರೆದು ಎಣಿಸಿ. ನಿಮ್ಮ ಕಣ್ಣಿಗೆ ಹನ್ನೆರಡು ಅಕ್ಷರ. ಫೋನಿನ ಲೆಕ್ಕದಲ್ಲಿ ಎರಡು ಖಾಲಿ ಜಾಗ ಸೇರಿ 25. ಮನೆಯವರ ಹೆಸರು ಹಾಕಿ, ಎಳ್ಳು ಬೆಲ್ಲದ ಸಾಲು ಸೇರಿಸುವ ಹೊತ್ತಿಗೆ ಎರಡು ಎಸ್‌ಎಂಎಸ್ ದುಡ್ಡು. ಸ್ವಂತ ಲಿಪಿಯಲ್ಲಿ ಬರೆದದ್ದಕ್ಕೆ ಜಾಸ್ತಿ ಕಟ್ಟುವ ಹಾಗಾಗಿತ್ತು. ಇದು ನನಗೆ ಇವತ್ತಿಗೂ ನೋವಿನ ವಿಷಯ. ಎಷ್ಟೋ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಢಿಗೆ ಬಿದ್ದದ್ದಕ್ಕೆ ಕೀಲಿಮಣೆ ಮಾತ್ರ ಕಾರಣ ಅಲ್ಲ, ಈ 70ರ ಮಿತಿಯೂ ಕಾರಣ. ವಾಟ್ಸ್‌ಆ್ಯಪಿನಲ್ಲಿ ಈ ಎಣಿಕೆಯೇ ಇಲ್ಲ. ಎಷ್ಟು ಬೇಕಾದರೂ ಬರೆಯಿರಿ, ಬರೆಯಲು ಬಾರದಿದ್ದರೆ ಮಾತಾಡಿ ಕಳಿಸಿ, ದುಬೈಗಾದರೂ ಡಲ್ಲಾಸಿಗಾದರೂ ಅದೇ ಖರ್ಚು. ನಾವು ಅದಕ್ಕೆ ಅಂಟಿಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ. ಬ್ರೆಜಿಲಿನಲ್ಲೂ ಹೀಗೇ ಆಯಿತು. ಅಲ್ಲಿ ಅದನ್ನು ಪ್ರೀತಿಯಿಂದ ಝಾಪ್ ಅನ್ನುತ್ತಾರೆ.

ದುಬೈ ಅಂದ ಕೂಡಲೇ ಒಂದು ಮಾತು. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಯುಎಇಯಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಇಂಟರ್ನೆಟ್ ಮೂಲಕ ಮಾತಾಡಲು ಸರ್ಕಾರ ಒಪ್ಪಿದ ಆ್ಯಪ್‌ಗಳೇ ಬೇಕು. ಹಾಗಾಗಿ ಕರಾವಳಿಯ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯ ಫೋನಿನಲ್ಲಿ ಬಾಟಿಮ್ ಅನ್ನುವ ಆ್ಯಪ್ ಇರುತ್ತದೆ. ಘಟ್ಟದ ಮೇಲಿನವರು ಅದರ ಹೆಸರೂ ಕೇಳಿರುವುದಿಲ್ಲ. ಚೀನಾದಲ್ಲಿ ವಾಟ್ಸ್‌ಆ್ಯಪೂ ಇಲ್ಲ, ಗೂಗಲ್ಲೂ ಇಲ್ಲ, ಎಲ್ಲವೂ ವೀಚ್ಯಾಟ್.

ಈಗ ನಿಮ್ಮ ಅಕ್ಕನ ಮಗಳ ಒಸಾಕಾ. ಜಪಾನ್ ಬಗ್ಗೆ ಬರೆಯುವಾಗ ನನಗೆ ಪುಟ ಸಾಲುವುದಿಲ್ಲ. ನಾವೆಲ್ಲ ನೋಕಿಯಾದಲ್ಲಿ ಹಾವಿನ ಆಟ ಆಡುತ್ತಿದ್ದ ಕಾಲಕ್ಕೇ ಅವರು ಫೋನಿನಲ್ಲಿ ಇಂಟರ್ನೆಟ್ ನೋಡುತ್ತಿದ್ದರು. ಎನ್‌ಟಿಟಿ ಡೊಕೊಮೊ ಕಂಪನಿ 1999ರ ಫೆಬ್ರವರಿಯಲ್ಲಿ ಐ-ಮೋಡ್ ಶುರು ಮಾಡಿತು. ರೈಲಿನ ವೇಳೆ, ಹವಾಮಾನ, ಬ್ಯಾಂಕು, ಇಮೇಲ್ ಎಲ್ಲ ಒಂದು ಸಣ್ಣ ಪರದೆಯ ಮೇಲೆ. ಅಲ್ಲೂ ಬಿಲ್ ನೋಡಿ. ಎಷ್ಟು ಹೊತ್ತು ನೋಡಿದಿರಿ ಅನ್ನುವುದಕ್ಕೆ ದುಡ್ಡಿಲ್ಲ, ಎಷ್ಟು ಡೇಟಾ ಬಂತು ಅನ್ನುವುದಕ್ಕೆ ಮಾತ್ರ. 128 ಬೈಟಿನ ಒಂದು ಪೊಟ್ಟಣಕ್ಕೆ 0.3 ಯೆನ್. ಮಾತು ದುಬಾರಿ, ಬರಹ ಅಗ್ಗ. ಜನ ಹೆಬ್ಬೆರಳಿನಲ್ಲಿ ಬರೆಯುವುದನ್ನು ಕಲಿತರು. ಸಂದೇಶ ಚಿಕ್ಕದಾಗಿರಬೇಕು, ಭಾವನೆಯೂ ತಿಳಿಯಬೇಕು. ಅದಕ್ಕೆ ಡೊಕೊಮೊದಲ್ಲಿ ಶಿಗೆತಾಕಾ ಕುರಿತಾ 176 ಪುಟ್ಟ ಚಿತ್ರಗಳನ್ನು ರೂಪಿಸಿದರು. ಒಂದೊಂದೂ ಅಡ್ಡ 12, ಉದ್ದ 12 ಚುಕ್ಕಿ. ನಮ್ಮ ಚುಕ್ಕಿ ರಂಗೋಲಿಯ ಹಾಗೆ ಲೆಕ್ಕದ ಚುಕ್ಕಿಯಲ್ಲಿ ಹೃದಯ, ಛತ್ರಿ, ರೈಲು. ನೀವು ವಾಟ್ಸ್‌ಆ್ಯಪಿನಲ್ಲಿ ಕೈ ಮುಗಿಯುವ ಚಿತ್ರ ಕಳಿಸುತ್ತೀರಲ್ಲ, ಅದರ ವಂಶ ಅಲ್ಲಿಯದು. ಎಮೋಜಿ ಅನ್ನುವ ಹೆಸರೂ ಜಪಾನಿಯೇ. ‘ಎ’ ಅಂದರೆ ಚಿತ್ರ, ‘ಮೋಜಿ’ ಅಂದರೆ ಅಕ್ಷರ.

ರೈಲಿನ ಮೌನಕ್ಕೂ ಇದಕ್ಕೂ ಸಂಬಂಧ ಇದೆ. ಟೋಕಿಯೊ, ಒಸಾಕಾದ ರೈಲಿನಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಅಲ್ಲಿ ಒಬ್ಬರ ಮಾತು ಹತ್ತು ಜನರ ಕಿವಿಗೆ ಬೀಳುತ್ತದೆ. ಫೋನನ್ನು ಮ್ಯಾನರ್ ಮೋಡಿಗೆ ಹಾಕಿ, ಮಾತಾಡಬೇಡಿ ಅಂತ ರೈಲಿನಲ್ಲೇ ಘೋಷಣೆ ಬರುತ್ತದೆ. ನಾವು ಸೈಲೆಂಟ್ ಅನ್ನುವುದಕ್ಕೆ ಅಲ್ಲಿ ಹೆಸರೇ ಮ್ಯಾನರ್ ಮೋಡ್. ಬರೆಯುವ ದಾರಿ ಮೊದಲೇ ಇತ್ತಾದ್ದರಿಂದ ಮಾತು ಬಿಡುವುದು ಯಾರಿಗೂ ಕಷ್ಟವಾಗಲಿಲ್ಲ. ನಮ್ಮ ಮೆಟ್ರೋದಲ್ಲಿ ಸ್ಪೀಕರ್ ಹಾಕಿ ವಿಡಿಯೊ ನೋಡುವವರ ಪಕ್ಕ ಕೂತಾಗಲೆಲ್ಲ ನನಗೆ ಆ ರೈಲು ನೆನಪಾಗುತ್ತದೆ. ಅದನ್ನು ನಾವು ಕಲಿಯಬೇಕು ಅಂತ ಮನಸಾರೆ ಅನ್ನಿಸುತ್ತದೆ.

ಕ್ಯಾಮೆರಾ ಸದ್ದಿನ ಕಥೆ ಹೀಗಿದೆ. 2000ದ ನವೆಂಬರಿನಲ್ಲಿ ಜೆ-ಫೋನ್ ಕಂಪನಿ ಶಾರ್ಪ್ ಮಾಡಿದ ಕ್ಯಾಮೆರಾ ಫೋನನ್ನು ಮಾರಲು ತಂದಿತು. ಚಿತ್ರದಲ್ಲಿ ಇದ್ದದ್ದು 1 ಲಕ್ಷದ 10 ಸಾವಿರ ಚುಕ್ಕಿ ಮಾತ್ರ, ಆದರೂ ಜನ ಮುಗಿಬಿದ್ದರು. ಜೊತೆಗೇ ತುಂಬಿದ ರೈಲಿನಲ್ಲಿ ಹೆಂಗಸರ ಫೋಟೊ ಕದ್ದು ತೆಗೆಯುವವರ ಕಾಟವೂ ಬಂತು. ಹಾಗಾಗಿ ಕ್ಲಿಕ್ ಸದ್ದು ನಿಲ್ಲದ ಹಾಗೆ ಕಂಪನಿಗಳೇ ಒಪ್ಪಿಕೊಂಡು ಮಾಡಿದವು. ಇದು ಕಾನೂನು ಅಲ್ಲ, ಉದ್ಯಮದವರ ಕಟ್ಟುಪಾಡು. ದಕ್ಷಿಣ ಕೊರಿಯಾದಲ್ಲೂ ಫೋನ್ ಕ್ಯಾಮೆರಾ ಸದ್ದು ಮಾಡಲೇಬೇಕು. ನಿಮ್ಮ ಅಕ್ಕನ ಮಗಳ ಫೋನ್ ಅಲ್ಲಿಯೇ ಕೊಂಡದ್ದಾದರೆ ಮಲಗಿದ ಮಗುವಿನ ಫೋಟೊ ತೆಗೆದರೂ ಕ್ಲಿಕ್ ಅನ್ನುತ್ತದೆ.

ಆ ಫೋನಿನಲ್ಲಿ ಇನ್ನೊಂದು ವಸ್ತು ಇದೆ, ಎಂದಾದರೂ ಒಸಾಕಾಗೆ ಹೋದರೆ ಕೇಳಿ ನೋಡಿ. ಫೆಲಿಕಾ ಅನ್ನುವ ಚಿಪ್. ಡೊಕೊಮೊ 2004ರಲ್ಲೇ ಅದನ್ನು ಫೋನಿನೊಳಗೆ ಇಟ್ಟು ಪರ್ಸ್ ಫೋನ್ ಅಂತ ಮಾರಿತು. 2006ರಿಂದ ರೈಲಿನ ಗೇಟಿಗೂ ಫೋನ್ ತೋರಿಸಿದರೆ ಸಾಕು. ಕಚೇರಿ ವೇಳೆಯಲ್ಲಿ ಒಂದು ಗೇಟಿನಲ್ಲಿ ನಿಮಿಷಕ್ಕೆ ಅರವತ್ತು ಜನ ದಾಟಬೇಕು ಅನ್ನುವುದು ರೈಲ್ವೆಯ ಬೇಡಿಕೆ. ಅದಕ್ಕೆ ಫೋನೂ ಗೇಟೂ 0.2 ಸೆಕೆಂಡಿನಲ್ಲಿ ಲೆಕ್ಕ ಮುಗಿಸಬೇಕು. ಬೇರೆ ದೇಶಗಳಲ್ಲಿ ಫೋನ್ ತಾಗಿಸಿ ದುಡ್ಡು ಕೊಡಲು ಬಳಸುವ ಸಾಮಾನ್ಯ ಎನ್‌ಎಫ್‌ಸಿಗಿಂತ ಬೇರೆಯಾದ ಚಿಪ್ ಅವರಿಗೆ ಬೇಕಾದದ್ದು ಈ ಅವಸರಕ್ಕೆ. ಇಲ್ಲಿ ಕೊಂಡ ಆಂಡ್ರಾಯ್ಡ್ ಫೋನ್ ಅಲ್ಲಿನ ಗೇಟಿನಲ್ಲಿ ಕೆಲಸ ಮಾಡದಿರುವುದೂ ಇದೇ ಕಾರಣಕ್ಕೆ. ಐಫೋನ್ 8 ಮತ್ತು ಅದರ ನಂತರದ ಐಫೋನುಗಳಲ್ಲಿ ಮಾತ್ರ ಎಲ್ಲಿ ಕೊಂಡರೂ ಅದು ಇದೆ.

ಭೂಕಂಪದ ಎಚ್ಚರಿಕೆಯನ್ನೂ ಹೇಳಲೇಬೇಕು. ಜಪಾನಿನಲ್ಲಿ 2007ರಿಂದಲೂ ನೆಲ ಜೋರಾಗಿ ಅಲ್ಲಾಡುವ ಕೆಲವು ಸೆಕೆಂಡು ಮೊದಲೇ ಫೋನುಗಳು ಒಟ್ಟಿಗೇ ಕಿರುಚುವ ವ್ಯವಸ್ಥೆ ಇದೆ. ಅದು ಎಸ್‌ಎಂಎಸ್ ಅಲ್ಲ. ಎಸ್‌ಎಂಎಸ್ ಒಬ್ಬೊಬ್ಬರಿಗೂ ಬೇರೆ ಬೇರೆ ಹೋಗಬೇಕು, ಲಕ್ಷ ಜನರಿಗೆ ಹೋಗುವಷ್ಟರಲ್ಲಿ ಹೊತ್ತು ಮೀರುತ್ತದೆ. ಇದು ರೇಡಿಯೊ ಇದ್ದ ಹಾಗೆ. ಟವರ್ ಒಂದೇ ಸಲ ಕೂಗುತ್ತದೆ, ಸುತ್ತಲಿನ ಎಲ್ಲ ಫೋನಿಗೂ ಕೇಳುತ್ತದೆ. 2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲೂ ನಮ್ಮೆಲ್ಲರ ಫೋನು ಇದ್ದಕ್ಕಿದ್ದಂತೆ ಕಿರುಚಿದ್ದು ನೆನಪಿದೆಯಾ? ಅದು ಇದೇ ವ್ಯವಸ್ಥೆಯ ಪರೀಕ್ಷೆ. ಎಂದಾದರೂ ಜಪಾನಿಗೆ ಹೋದಾಗ ಅಂಥ ಸದ್ದು ಬಂದರೆ ಪರೀಕ್ಷೆ ಅಂದುಕೊಂಡು ಕೂರಬೇಡಿ, ಮೇಜಿನ ಕೆಳಗೆ ಸೇರಿಕೊಳ್ಳಿ.

ದುಡ್ಡಿನ ವಿಷಯದಲ್ಲಿ ನನಗೆ ಪಾಠ ಕಲಿಸಿದ ಊರು ಕೀನ್ಯಾದ ನೈರೋಬಿ. ಕೆಲಸದ ಮೇಲೆ ಹೋಗಿದ್ದೆ. ರಸ್ತೆ ಬದಿಯಲ್ಲಿ ಹಸಿರು ಬಣ್ಣ ಬಳಿದ ಪುಟ್ಟ ಗೂಡಂಗಡಿ. ಒಳಗೆ ಕೂತ ಹೆಂಗಸಿನ ಮುಂದೆ ಒಂದು ಉದ್ದನೆಯ ಲೆಕ್ಕದ ಪುಸ್ತಕ, ಒಂದು ಕೀಪ್ಯಾಡ್ ಫೋನ್. ತರಕಾರಿ ಮಾರುವವರೊಬ್ಬರು ಬಂದು ನೋಟು ಕೊಟ್ಟರು. ಈಕೆ ಫೋನಿನಲ್ಲಿ ಕೆಲವು ಗುಂಡಿ ಒತ್ತಿದರು, ಆತನ ಫೋನಿಗೆ ಸಂದೇಶ ಬಂತು. ಇಬ್ಬರೂ ಪುಸ್ತಕದಲ್ಲಿ ನೋಡಿಕೊಂಡರು, ಆತ ಸಹಿ ಹಾಕಿದರು. ಅಲ್ಲೇ ನಿಂತು ಆ ದುಡ್ಡನ್ನು ಊರಿನ ಮನೆಗೆ ಕಳಿಸಿದರು. ಇಂಟರ್ನೆಟ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಇದೇ ಎಂ-ಪೆಸಾ. ಸಫಾರಿಕಾಮ್ ಕಂಪನಿ 2007ರ ಮಾರ್ಚಿನಲ್ಲಿ ಶುರು ಮಾಡಿದ್ದು. ಪೆಸಾ ಅಂದರೆ ಸ್ವಾಹಿಲಿಯಲ್ಲಿ ಹಣ. ನಮ್ಮ ಪೈಸೆಯ ನೆಂಟ ಆ ಪದ.

ನಮ್ಮಲ್ಲಿ ಯಾಕೆ ಅದು ಬರಲಿಲ್ಲ? ಕೀನ್ಯಾದಲ್ಲಿ ಫೋನ್ ಕಂಪನಿಯೇ ಜನರ ಹಣ ಓಡಾಡಿಸಲು ಬಿಟ್ಟರು. ನಮ್ಮಲ್ಲಿ ಹಣ ಬ್ಯಾಂಕಿನ ಮೂಲಕವೇ ಓಡಾಡಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಲುವು. ವೊಡಾಫೋನ್ ಎಂ-ಪೆಸಾವನ್ನು ಇಲ್ಲಿಗೂ ತಂದಿತ್ತು, ಬೇರು ಬಿಡಲಿಲ್ಲ. 2016ರಲ್ಲಿ ಬಂದ ಯುಪಿಐ ಬ್ಯಾಂಕ್ ಖಾತೆಯಿಂದ ಖಾತೆಗೆ ಹೋಗುತ್ತದೆ. ಕಳಿಸುವ ನಮಗೆ ಶುಲ್ಕವಿಲ್ಲ. ಕೀನ್ಯಾದಲ್ಲಿ ಕಳಿಸಲು ಶುಲ್ಕ ಇದೆ, ಆದರೆ ಖಾತೆ ಇಲ್ಲದ ಬಡವರಿಗೂ ಅದು ಮೊದಲ ದಿನದಿಂದಲೇ ದಕ್ಕಿತು. ಎರಡರಲ್ಲಿ ಯಾವುದು ಮೇಲು ಅಂತ ನನ್ನನ್ನು ಕೇಳಿದರೆ, ಕೀಪ್ಯಾಡ್ ಫೋನಿನವರನ್ನು ಕೈಬಿಡದೆ ಶುರು ಮಾಡಿದ ಕೀನ್ಯಾದ ಕಡೆಗೇ ನನ್ನ ಮನಸ್ಸು ವಾಲುತ್ತದೆ. ನಮ್ಮಲ್ಲಿ ಅಂಥ ಫೋನಿಗೆ ಸರಿಯಾದ ಯುಪಿಐ ಬರಲು 2022ರವರೆಗೆ ಕಾಯಬೇಕಾಯಿತು.

ಕೊನೆಗೆ ನಿಮ್ಮ ಪ್ರಯಾಣ. ಒಟಿಪಿ ಬರದಿದ್ದದ್ದಕ್ಕೆ ಕಾರಣ ನಿಮ್ಮ ಭಾರತದ ಸಿಮ್ ಫೋನಿನಿಂದ ಹೊರಗಿತ್ತು, ಅಥವಾ ಅದಕ್ಕೆ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಆಗಿರಲಿಲ್ಲ. ಈ ಸಲ ಹೊರಡುವ ಮೊದಲೇ ರೋಮಿಂಗ್ ಹಾಕಿಸಿಕೊಳ್ಳಿ. ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ, ಆದರೂ ನಿಮ್ಮ ಕಂಪನಿಯನ್ನು ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಡೇಟಾ ರೋಮಿಂಗ್ ಮಾತ್ರ ಆಫ್ ಇಡಿ. ಐದು ತಿಂಗಳಿಗೆ ಆಗುವಷ್ಟು ರೀಚಾರ್ಜ್ ಮಾಡಿ ಹೊರಡಿ. ಬಹಳ ದಿನ ಬಳಸದೆ ಬಿಟ್ಟ ಸಿಮ್ ರದ್ದಾಗುತ್ತದೆ, ಆ ನಂಬರ್ ಬೇರೆಯವರಿಗೆ ಹೋದರೆ ನಿಮ್ಮ ಬ್ಯಾಂಕಿನ ಒಟಿಪಿಯೂ ಅವರಿಗೇ ಹೋಗುತ್ತದೆ.

ಫೋನ್ ಒಯ್ಯುವುದೋ ಬೇಡವೋ ಅನ್ನುವುದನ್ನು ಇಲ್ಲಿಂದಲೇ ತಿಳಿಯಬಹುದು. ಫೋನಿನಲ್ಲಿ *#06# ಒತ್ತಿ. ಫೋನಿನ ಗುರುತಾದ ಹದಿನೈದು ಅಂಕಿಯ ಐಎಂಇಐ ನಂಬರ್ ಬರುತ್ತದೆ. ಅದನ್ನು ಮಗನಿಗೆ ಮಾತ್ರ ಕಳಿಸಿ, ಬೇರೆ ಗುಂಪುಗಳಲ್ಲಿ ಹಾಕಬೇಡಿ. ನೀವು ತೆಗೆದುಕೊಳ್ಳಲಿರುವ ಸಿಮ್ ಕಂಪನಿಯ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ, ಡೇಟಾ ಮಾತ್ರವೋ ಮಾತೂ ಬರುತ್ತದೋ ಅಂತ ಅವರು ನೋಡಲಿ. ಮಾತು ಬರುವುದಿಲ್ಲ ಅಂತ ಬಂದರೆ ಅಲ್ಲೇ ಒಂದು ಸಾದಾ ಫೋನ್ ಕೊಳ್ಳಿ. ಕೊಳ್ಳುವಾಗ ಅನ್‌ಲಾಕ್ ಆದದ್ದೇ ಅಂತ ಕೇಳಿ. ಅಲ್ಲಿ ಸಿಮ್ ಕಂಪನಿಗಳೇ ಫೋನ್ ಮಾರುತ್ತವೆ, ಅಂಥ ಫೋನ್ ಬಹಳ ಸಲ ಅವರ ಸಿಮ್ಮಿಗೆ ಮಾತ್ರ ಬೀಗ ಹಾಕಿಕೊಂಡಿರುತ್ತದೆ. ಭಾರತದ ಸಿಮ್ ಹಾಕಬೇಕೆಂದರೆ ಟ್ರೇ ಇದೆಯಾ ಅಂತಲೂ ನೋಡಿ. 2022ರ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಎಲ್ಲವೂ ಫೋನಿನೊಳಗೇ ಇರುವ ಡಿಜಿಟಲ್ ಸಿಮ್, ಅಂದರೆ ಇಸಿಮ್. ಹಾಸನದ ನಿಮ್ಮ ಹಳೆಯ ಫೋನನ್ನೂ ಜೊತೆಗೆ ಒಯ್ಯಿರಿ. ಮನೆಯ ವೈಫೈಯಲ್ಲಿ ವಾಟ್ಸ್‌ಆ್ಯಪಿಗೆ ಅದು ಸಾಕು. ಹೊಸದು ಬಂದ ದಿನವೇ ಅದರಿಂದ ಮಗನಿಗೆ ಒಂದು ಮಾಮೂಲಿ ಕರೆ ಮಾಡಿ, ಮಾತು ಕೇಳುತ್ತದೆಯಾ ನೋಡಿಕೊಳ್ಳಿ.